ಮನೆಗೆ ಬಂದ ಮೊದಲ ಗಣಕಯಂತ್ರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲೂಕುಗಳ ಚರಿತ್ರೆಯನ್ನು ಬರೆದವರು ಚಂಗಾಳ್ವರನ್ನೂ ಶಾಸನಗಳನ್ನೂ ಕಾವೇರಿಯ ಅಣೆಗಳನ್ನೂ ಕುರಿತು ಸಾಕಷ್ಟು ಹೇಳಿರುವರು. ಗಣಕಯಂತ್ರವು ಇಲ್ಲಿಯ ಮಕ್ಕಳ ಕೈಗೆ ಮೊದಲು ಹೇಗೆ ದೊರಕಿತೆಂಬುದನ್ನು ಮಾತ್ರ ಯಾರೂ ಬರೆದಂತೆ ಕಾಣೆನು. ಆ ಮಕ್ಕಳಿಗೆ ಈಗ ಐವತ್ತರ ಆಸುಪಾಸು ವಯಸ್ಸು. ಸಂಗತಿಗಳು ಮರೆತುಹೋಗುವ ಮೊದಲು, ನಾನು ಕಣ್ಣಾರೆ ಕಂಡ ಒಂದು ಮನೆಯ ವೃತ್ತಾಂತವನ್ನಾದರೂ ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದ ಗಣಕಯಂತ್ರವು ಅಮೆರಿಕದಲ್ಲಿ ೧೯೭೭ರಿಂದ ಸಂಸಾರಿಗಳ ಮನೆಗಳನ್ನು ಹೊಗತೊಡಗಿತು. ಇಂಗ್ಲೆಂಡಿನಲ್ಲಿ ೧೯೮೧ರ ಕೊನೆಗೆ ಬಿ.ಬಿ.ಸಿ. ಮೈಕ್ರೋ ಎಂಬುದೂ, ೧೯೮೨ರಲ್ಲಿ ಅದಕ್ಕಿಂತ ಅಗ್ಗವಾದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬುದೂ ಹೊರಬಂದುವು. ನಮ್ಮ ಕೇಂದ್ರ ಸರ್ಕಾರದವರು ೧೯೮೪ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಮೊದಲಿಗೆ ೨೫೦ ಶಾಲೆಗಳನ್ನು ಆರಿಸಿ ಬಿ.ಬಿ.ಸಿ. ಮೈಕ್ರೋಗಳನ್ನು ಕೊಡಿಸಿದರು. ಇಷ್ಟು ದೊಡ್ಡ ದೇಶಕ್ಕೆ ೨೫೦! ನಾನು ಸಂಸ್ಕೃತವನ್ನು ಪಾಠಹೇಳುತ್ತಿದ್ದ ಪ್ರೌಢಶಾಲೆಯ ಬಾಗಿಲಿಗೆ ಅದು ಬರಲಿಲ್ಲ. ನಾನು ಗಣಕಯಂತ್ರವನ್ನು ಮೊದಲು ಕಂಡುದು ೧೯೮೬ರ ಬೇಸಿಗೆಯಲ್ಲಿ, ಕೃಷ್ಣರಾಜನಗರದ ನಮ್ಮ ಅಕ್ಕನ ಮನೆಯಲ್ಲಿ. ಭಾವನವರ ತಮ್ಮಂದಿರು ಇಂಗ್ಲೆಂಡಿನಿಂದ ಬರುವಾಗ ಒಂದು ಸ್ಪೆಕ್ಟ್ರಮ್ಮನ್ನೂ ಅದಕ್ಕೆ ಹೊಂದುವ ಸಣ್ಣ ಟೆಲಿವಿಷನ್ನನ್ನೂ ತಂದಿದ್ದರು.

ಅದು ಪಂಚಾಂಗಕ್ಕಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆ; ಮೇಲೆ ರಬ್ಬರಿನ ೪೦ ಕೀಲಿಗಳು; ಒಳಗೆ ೪೮ ಕಿಲೋಬೈಟುಗಳ ಜ್ಞಾಪಕಶಕ್ತಿ. ಹಾಡಿನ ಕ್ಯಾಸೆಟ್ಟಿನಿಂದಲೇ ಅದಕ್ಕೆ ಪಾಠವನ್ನು ಉಣಿಸಬೇಕು. ಐದು ನಿಮಿಷ ಅದು ಕಿರಿಚುತ್ತಿದ್ದರೆ ಮನೆಯ ಅಜ್ಜಿಯವರು ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ನಡೆಯುತ್ತಿದ್ದರು. ಒಂದು ಕೀಲಿಯನ್ನೊತ್ತಿದರೆ ಆಂಗ್ಲಭಾಷೆಯ ಇಡೀ ಆಜ್ಞೆಯೇ ಮೂಡುವುದು. ಪಾಣಿನಿಯಲ್ಲಿ 'ಅಚ್' ಎಂದೊಡನೆ ಸ್ವರಗಳೆಲ್ಲ ಬಂದು ನಿಲ್ಲುವುದಿಲ್ಲವೆ, ಹಾಗೆ. ಪಂಕ್ತಿಯಲ್ಲಿ ತಪ್ಪಿದ್ದರೆ ಆ ಸ್ಥಳದಲ್ಲಿ ಪ್ರಶ್ನೆಯ ಗುರುತೊಂದು ಮಿನುಗುವುದು; ತಿದ್ದುವವರೆಗೆ ಯಂತ್ರವು ಅದನ್ನು ಸ್ವೀಕರಿಸದು. ಬಯ್ಯುವುದಿಲ್ಲ, ಕಿವಿ ಹಿಂಡುವುದಿಲ್ಲ. ಅಂಥ ತಾಳ್ಮೆಯ ಉಪಾಧ್ಯಾಯರು ನನ್ನ ವಿದ್ಯಾರ್ಥಿದೆಸೆಯಲ್ಲಿ ಅಪರೂಪವಾಗಿದ್ದರು.

ಕನ್ನಡವು ಮಾತ್ರ ಆ ಯಂತ್ರಕ್ಕೆ ಬಾರದು. ಆದರೆ ೨೧ ಆಕೃತಿಗಳನ್ನು ನಾವೇ ಕಲ್ಪಿಸಿ ಅದಕ್ಕೆ ಕಲಿಸುವ ಅವಕಾಶವಿದ್ದಿತು. ಒಂದೊಂದು ಆಕೃತಿಯೂ ಎಂಟು ಸಾಲು, ಸಾಲಿಗೆ ಎಂಟು ಮನೆ. ಎಡದಿಂದ ಬಲಕ್ಕೆ ಮನೆಗಳ ಬೆಲೆ ೧೨೮, ೬೪, ೩೨, ೧೬, ೮, ೪, ೨, ೧. ತುಂಬಿದ ಮನೆಗಳ ಬೆಲೆಯನ್ನು ಕೂಡಿದರೆ ಆ ಸಾಲಿನ ಸಂಖ್ಯೆ. ಪಿಂಗಲನ ಛಂದಶ್ಶಾಸ್ತ್ರದಲ್ಲಿ ಲಘುಗುರುಗಳ ಪ್ರಸ್ತಾರವನ್ನು ಓದಿದ್ದ ನನಗೆ ಇದು ಅದರ ನೆಂಟನೇ ಎಂಬುದು ಆಗ ಹೊಳೆಯಲಿಲ್ಲ.

ಹೊಳೆದುದು ನೆರೆಮನೆಗೆ ರಜೆಗೆಂದು ಬಂದಿದ್ದ ಹನ್ನೆರಡು ವರ್ಷದ ಹುಡುಗಿಗೆ. ಅವಳು ಪಿಂಗಲನ ಹೆಸರನ್ನೇ ಕೇಳಿದವಳಲ್ಲ. ತಂದೆ ಹುಣಸೂರಿನ ಕಡೆ ಹೊಗೆಸೊಪ್ಪಿನ ಬೇಸಾಯಗಾರರು. ಭಾವನವರ ತಮ್ಮಂದಿರು ಹುಡುಗರಿಗೆ ಈ ಲೆಕ್ಕವನ್ನು ಹೇಳುತ್ತಿದ್ದುದನ್ನು ಬಾಗಿಲ ಬಳಿ ನಿಂತು ಒಮ್ಮೆ ಕೇಳಿದಳು. ಮಾರನೆಯ ದಿನ ಚೌಕಳಿಯ ಲೆಕ್ಕದ ಪುಸ್ತಕದಲ್ಲಿ 'ಹುಣಸೂರು' ಎಂದು ಬರೆದು ತಂದಳು! ನಮ್ಮ ದುಂಡಕ್ಷರಗಳು ಒಂದು ಆಕೃತಿಯಲ್ಲಿ ಹಿಡಿಯವೆಂದು ಅಕ್ಷರಕ್ಕೆ ಎರಡೆರಡನ್ನು ಕೊಟ್ಟಿದ್ದಳು. ಎಂಟು ಆಕೃತಿ, ಪಕ್ಕದಲ್ಲಿ ೬೪ ಸಂಖ್ಯೆಗಳು.

ಮಕ್ಕಳ ಸರದಿಯನ್ನು ಗೊತ್ತುಮಾಡುವ ಅಧಿಕಾರವನ್ನು ಅಕ್ಕ ನನಗೆ ಒಪ್ಪಿಸಿದ್ದಳು. ಮೊದಲು ಮನೆಯ ಮಕ್ಕಳು, ಅವರಲ್ಲಿಯೂ ಗಂಡುಹುಡುಗರು ಎಂದು ನಾನು ಕ್ರಮವಿಟ್ಟಿದ್ದೆನು. ಅದು ನ್ಯಾಯವೆಂದೇ ನಂಬಿದ್ದೆನು. "ಮೇಷ್ಟ್ರೇ, ನನ್ನ ಸರದಿ ಯಾವಾಗ ಬತ್ತದೆ?" ಎಂದು ಮೂರು ದಿನ ಕೇಳಿದಳು. ನಾಲ್ಕನೆಯ ದಿನ ಸಂಜೆ ಬಂದಿತು. ಒಂದೊಂದೇ ಸಂಖ್ಯೆಯನ್ನು ಗಟ್ಟಿಯಾಗಿ ಓದಿಕೊಂಡು ಒತ್ತುತ್ತಿದ್ದಳು. ನಲವತ್ತನ್ನು ದಾಟಿರಬೇಕು, ವಿದ್ಯುತ್ತು ಹೋಯಿತು. ಕ್ಯಾಸೆಟ್ಟಿಗೆ ಇಳಿಸದೆ ಇದ್ದುದೆಲ್ಲ ಆ ಯಂತ್ರದಲ್ಲಿ ದೀಪದೊಡನೆಯೇ ಆರಿಹೋಗುವುದು. ಹುಡುಗರು ನಕ್ಕರು. "ನಾಳೆ ಬಾರಮ್ಮ" ಎಂದೆನು. ಬೆಳಗ್ಗೆ ಅವಳ ತಂದೆ ಬಂದರು. ಮಳೆ ಬಿದ್ದಿದ್ದಿತು, ಹೊಗೆಸೊಪ್ಪಿನ ಸಸಿ ನೆಡುವ ಕೆಲಸ. ಮೊದಲ ಬಸ್ಸಿಗೆ ಕರೆದುಕೊಂಡು ಹೋದರು. ಪುಸ್ತಕವು ನಮ್ಮ ಅಕ್ಕನ ಮನೆಯಲ್ಲಿಯೇ ಉಳಿಯಿತು.

ಐದು ವರ್ಷಗಳ ಬಳಿಕ, ೧೯೯೧ರಲ್ಲಿ, ಜಗತ್ತಿನ ಹಲವು ಲಿಪಿಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡವೂ ಸೇರಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಗಳ ವಿನ್ಯಾಸದಿಂದ ಕನ್ನಡದ ಬೆರಳಚ್ಚು ಸುಲಭವಾಯಿತು. ಈಗ ಬಸ್ಸಿನಲ್ಲಿ ಕುಳಿತವರೆಲ್ಲ ಕೈಯಲ್ಲಿಯೇ ಕನ್ನಡವನ್ನು ಒತ್ತುತ್ತಿರುವರು. ಆ ಹುಡುಗಿಯನ್ನು ಮಾತ್ರ ನಾನು ಮತ್ತೆ ಕಾಣಲಿಲ್ಲ.

ಪುಸ್ತಕವು ಈಗ ನನ್ನಲ್ಲಿದೆ. ಮೊನ್ನೆ ೬೪ ಸಂಖ್ಯೆಗಳನ್ನೂ ಕೂಡಿ ಪರೀಕ್ಷಿಸಿದೆನು; ತಪ್ಪಿರುವುದು ಒಂದೇ, ಣಕಾರದ ಐದನೆಯ ಸಾಲಿನಲ್ಲಿ. ಇಂಥ ಪುಸ್ತಕಗಳಾಗಲಿ ಕ್ಯಾಸೆಟ್ಟುಗಳಾಗಲಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ರದ್ದಿಯವನಿಗೆ ಹಾಕುವ ಮೊದಲು ನಮ್ಮ ಸಂಘಕ್ಕೆ ಒಂದು ಮಾತು ತಿಳಿಸಬೇಕೆಂದು ಪ್ರಾರ್ಥನೆ.