ಸಾಲಪತ್ರದ ಹಿಂದಿನ ಕಥೆ

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಪೇಟೆಯಲ್ಲಿ ಸೇರಿದ ರೈತರು ಸಾಹುಕಾರರ ಮೇಲೆ ಬಿದ್ದು ಸಾಲಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಕಿತ್ತುಕೊಂಡು ಸುಟ್ಟರು. ಗ್ರಾಮೀಣ ಸಾಲದ ಇತಿಹಾಸವನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ದಂಗೆಯಲ್ಲಿ ಮುಖ್ಯವಾಗಿ ಕಾಣುವುದು ಒಂದು ಪ್ರಶ್ನೆ: ರೈತರ ಸಿಟ್ಟು ಕಾಗದದ ಮೇಲೆ ಏಕೆ ತಿರುಗಿತು?

ಉತ್ತರ ನ್ಯಾಯಾಲಯದಲ್ಲಿದೆ. 1859ರ ಕಾಲಮಿತಿ ಕಾಯ್ದೆ ಸಾಲಪತ್ರಕ್ಕೆ ಮೂರು ವರ್ಷಗಳ ಗಡುವು ಹಾಕಿತು. ಹಳೆಯ ಸಾಲ ರೈತನ ತಲೆಯ ಮೇಲೆ ಬೆಳೆಯುತ್ತಲೇ ಹೋಗಬಾರದೆಂಬುದು ಅದರ ಉದ್ದೇಶ. ಆಗಿದ್ದು ಬೇರೆ. ಗಡುವು ಮುಗಿಯುವ ಮೊದಲು ಸಾಹುಕಾರ ಹೊಸ ಪತ್ರ ಬರೆಸಿಕೊಂಡ. ತೀರದ ಬಡ್ಡಿ ಅಸಲಿಗೆ ಸೇರಿತು. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತಿದ. ದಾವೆ ಹೂಡಿದಾಗ ಕೋರ್ಟು ದೂರ, ಖರ್ಚು ಹೆಚ್ಚು, ಎಷ್ಟೋ ಸಲ ಸಮನ್ಸೇ ತಲುಪುತ್ತಿರಲಿಲ್ಲ. ಪ್ರತಿವಾದಿ ಬಾರದಿದ್ದರೆ ಏಕಪಕ್ಷೀಯ ಡಿಕ್ರಿ, ಆಮೇಲೆ ಜಪ್ತಿ. ನ್ಯಾಯಾಧೀಶರು ನೋಡುತ್ತಿದ್ದುದು ಪತ್ರವನ್ನು ಮಾತ್ರ.

ದಂಗೆಯ ವಿಚಾರಣಾ ಆಯೋಗದ ವರದಿಯ ನಂತರ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಈ ವಿಧಾನವನ್ನೇ ತಿದ್ದಿತು. ಪುಣೆ, ಸತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳ ಕೋರ್ಟುಗಳು ಇನ್ನು ಮುಂದೆ ಸಾಲದ ಕಥೆಯನ್ನು ಮೊದಲಿನಿಂದ ಕೇಳಬೇಕಿತ್ತು, ಅಸಲು ಬಡ್ಡಿಗಳ ಲೆಕ್ಕವನ್ನು ಬೇರೆಬೇರೆಯಾಗಿ ಹಾಕಬೇಕಿತ್ತು. ಬಡ್ಡಿ ಅಸಲನ್ನು ಮೀರುವಂತಿರಲಿಲ್ಲ. ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವುದು ನಿಂತಿತು. ಪತ್ರಗಳನ್ನು ಗ್ರಾಮ ನೋಂದಣಿ ಅಧಿಕಾರಿಯ ಎದುರು ಬರೆಸುವ, ದಾವೆಗೆ ಮೊದಲು ರಾಜಿಗೆ ಯತ್ನಿಸುವ ಏರ್ಪಾಡುಗಳೂ ಬಂದವು. ಮಹಾದೇವ ಗೋವಿಂದ ರಾನಡೆ ಇದೇ ಕಾಯ್ದೆಯಡಿ ವಿಶೇಷ ನ್ಯಾಯಾಧೀಶರಾಗಿ ಕೆಲಸ ಮಾಡಿದರು.

ಸಾಹುಕಾರರು ಸುಮ್ಮನಿರಲಿಲ್ಲ. ಅಡವಿನ ಬದಲು ಖರೀದಿಪತ್ರ ಬರೆಸಿಕೊಳ್ಳತೊಡಗಿದರು. ಸಾಲ ಮಾರಾಟದ ವೇಷ ತೊಟ್ಟಿತು. ಕಡೆಗೆ ಕಾಯ್ದೆಗೆ ತಿದ್ದುಪಡಿ ತಂದು, ಪತ್ರದಲ್ಲಿ ಏನೇ ಬರೆದಿರಲಿ, ವ್ಯವಹಾರದ ನಿಜಸ್ವರೂಪವನ್ನು ವಿಚಾರಿಸುವ ಅಧಿಕಾರವನ್ನು ಕೋರ್ಟಿಗೆ ಕೊಡಬೇಕಾಯಿತು. ಕಾಯ್ದೆ ಮುಂಬಯಿ ಪ್ರಾಂತದ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಮೈಸೂರು ಸಂಸ್ಥಾನವೂ 1928ರಲ್ಲಿ ತನ್ನದೇ ಕೃಷಿಕರ ಪರಿಹಾರ ಕಾಯ್ದೆ ಮಾಡಿತು.

ಈ ಕಾಯ್ದೆಯಿಂದ ರೈತನ ಸಾಲ ತೀರಲಿಲ್ಲ. ಮಳೆ, ಕಂದಾಯ, ಬೆಲೆ ಯಾವುದೂ ಕೋರ್ಟಿನ ಕೈಯಲ್ಲಿರಲಿಲ್ಲ. ಆದರೂ ನಾನು ಇದನ್ನು ಸಣ್ಣ ಸುಧಾರಣೆಯೆಂದು ತಳ್ಳಿಹಾಕಲಾರೆ. ಸಹಿ ಬಿದ್ದ ಕಾಗದವೇ ಸತ್ಯವೆಂದು ನಂಬುವ ಕೋರ್ಟು, ಬರೆಯಬಲ್ಲವನ ಪಕ್ಷವನ್ನು ಆಗಲೇ ಹಿಡಿದಿರುತ್ತದೆ. "ಈ ಸಾಲ ಹೇಗೆ ಹುಟ್ಟಿತು?" ಎಂದು ನ್ಯಾಯಾಧೀಶರು ಕೇಳಲೇಬೇಕೆಂದು ವಿಧಿಸಿದ ಮೇಲೆ, ಹೆಬ್ಬೆಟ್ಟು ಒತ್ತಿದವನ ಮಾತಿಗೂ ಕಟಕಟೆಯಲ್ಲಿ ಜಾಗ ಸಿಕ್ಕಿತು.