ಒಬ್ಬ ವಕ್ತೃ, ಎರಡು ಹೇಳಿಕೆ: ಸಂದರ್ಶನ ವಿಧಾನದ ಬಗ್ಗೆ ಒಂದು ಟಿಪ್ಪಣಿ

1937ರ ಜುಲೈ ತಿಂಗಳು. ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ಜೆಸ್ಸಿ ಬಟ್ಲರ್ ಎಂಬ ಬಿಳಿಯ ಮಹಿಳೆ, ಹಿಂದೆ ಗುಲಾಮರಾಗಿದ್ದವರ ಕಥನ ಸಂಗ್ರಹಿಸುವ ಸರ್ಕಾರಿ ಯೋಜನೆಯೊಂದರ ಪರವಾಗಿ, ಹೆನ್ರಿಯೆಟ್ಟಾ ಬೀದಿಯ ಒಂದು ಮನೆಗೆ ಹೋದರು. ಮುಂಬಾಗಿಲ ಒಳಗಡೆ ಮೆಟ್ಟಿಲ ಮೇಲೆ, ತನಗೆ ನೂರು ದಾಟಿದೆ ಎನ್ನುತ್ತಿದ್ದ ಸೂಸನ್ ಹ್ಯಾಮ್ಲಿನ್ ಕೂತಿದ್ದರು. ಗುಲಾಮಗಿರಿಯಲ್ಲಿ ಹುಟ್ಟಿ ಬೆಳೆದ ಕಪ್ಪು ಮುದುಕಿ. ಬಂದವರು ಸರ್ಕಾರಿ ನೆರವಿನ ಕಚೇರಿಯವರೆಂದು ಅವರು ತಿಳಿದರು. ಅಲ್ಲಿಂದ ಅವರಿಗೆ ಹಿಂದೆ ಸಹಾಯ ಸಿಕ್ಕಿತ್ತು. ಆ ತಪ್ಪು ತಿಳಿವಳಿಕೆಯನ್ನು ತಾನು ತಿದ್ದಲಿಲ್ಲ ಎಂದು ಬಟ್ಲರ್ ತಮ್ಮ ವರದಿಯಲ್ಲೇ ಬರೆದುಕೊಂಡಿದ್ದಾರೆ.

ಆ ವರದಿಯಲ್ಲಿ ಸೂಸನ್ ತಮ್ಮ ಒಡೆಯ ಫುಲ್ಲರ್‌ನನ್ನು ಒಳ್ಳೆಯ ಮನುಷ್ಯನೆಂದು ಹೊಗಳುತ್ತಾರೆ. ಅವನು ಮಕ್ಕಳ ಪ್ರೀತಿ ಗಳಿಸಿದ್ದನಂತೆ, ಅವನ ಹೆಂಡತಿಯ ಕಡೆಯವರೂ ದೊಡ್ಡ ಮನಸ್ಸಿನವರಂತೆ. ಅದೇ ಯೋಜನೆಗಾಗಿ ಅಗಸ್ಟಸ್ ಲ್ಯಾಡ್ಸನ್ ಎಂಬ ಕಪ್ಪು ಸಂದರ್ಶಕರೂ ಅದೇ ಮನೆಯಲ್ಲಿ ಸೂಸನ್ ಅವರನ್ನು ಮಾತಾಡಿಸಿದರು. ಲ್ಯಾಡ್ಸನ್ ವರದಿಯಲ್ಲಿ ಹೆಸರು ಸೂಸನ್ ಹ್ಯಾಮಿಲ್ಟನ್ ಆಗಿದೆ. ಒಡೆಯ ಮಾತ್ರ ಅದೇ ಫುಲ್ಲರ್. ಇಲ್ಲಿ ಹೊಗಳಿಕೆ ಹಿಂದೆ ಸರಿದು, ತಾಯಿ ಮಕ್ಕಳನ್ನು ಅಗಲಿಸಿ ಮಾರಿದಾಗ ಹಗಲು ರಾತ್ರಿ ಕೇಳುತ್ತಿದ್ದ ಕೂಗಿನ ಮಾತು ಬರುತ್ತದೆ. ರಾತ್ರಿ ಮದುವೆಯಾದ ಒಂದು ಜೋಡಿಯಲ್ಲಿ ಹೆಂಡತಿಯನ್ನು ಬೆಳಗಾಗುತ್ತಲೇ ಮಾರಿದ ಸಂಗತಿ ಬರುತ್ತದೆ.

ಗ್ರಂಥಸಂಪಾದನೆಯ ಅಭ್ಯಾಸವಿದ್ದವರಿಗೆ ಇವೆರಡನ್ನೂ ಪಾಠಾಂತರಗಳಂತೆ ಎದುರುಬದುರು ಇಟ್ಟು ಶುದ್ಧಪಾಠವನ್ನು ಹುಡುಕುವ ಆಸೆಯಾಗುವುದು ಸಹಜ. ಆದರೆ ಸಂದರ್ಶನಕ್ಕೆ ಆ ಕ್ರಮ ಒಗ್ಗುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಪಾಠಾಂತರಗಳ ಹಿಂದೆ ಒಂದು ಮೂಲ ಕೃತಿ ಇರುತ್ತದೆ. ಸಂದರ್ಶನಕ್ಕೆ ಅಂಥ ಮೂಲವಿಲ್ಲ. ಕೇಳುವವರು ಎದುರು ಕೂತ ಮೇಲೆಯೇ ಅದರ ಪಠ್ಯ ಹುಟ್ಟುವುದು.

ಶಕ್ತಿ

ಆರ್ಥಿಕ ಮಹಾಕುಸಿತದ ಕಾಲದಲ್ಲಿ ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡಲು ಅಮೆರಿಕ ಸರ್ಕಾರ ಆರಂಭಿಸಿದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಈ ಯೋಜನೆ, 1936ರಿಂದ 1938ರವರೆಗೆ 17 ರಾಜ್ಯಗಳಲ್ಲಿ ಇಂಥ 2,300ಕ್ಕೂ ಹೆಚ್ಚು ಕಥನಗಳನ್ನು ಸಂಗ್ರಹಿಸಿತು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಕಾನೂನಿಗೆ ವಿರುದ್ಧವಾಗಿತ್ತು. ತೋಟದೊಡೆಯನ ಲೆಕ್ಕದ ಪುಸ್ತಕದಲ್ಲಿ ಆಳಿನ ಹೆಸರೂ ಬೆಲೆಯೂ ಸಿಗುತ್ತವೆ. ಆ ಬೆಲೆಗೆ ಮಾರಾಟವಾದವಳ ತಾಯಿ ಆ ದಿನ ಏನು ಮಾಡಿದಳು ಎಂಬುದು ಸಿಗುವುದಿಲ್ಲ. ಮಗಳನ್ನು ಕಳೆದುಕೊಂಡ ತಾಯಿ ಬೀದಿಯಲ್ಲಿ ನಿಂತು ಒಡತಿಗೆ ಬಾಯಿಗೆ ಬಂದಂತೆ ಶಾಪ ಹಾಕಿದಳೆಂಬುದು ಲ್ಯಾಡ್ಸನ್ ವರದಿಯಿಂದ ನಮಗೆ ತಿಳಿಯುತ್ತದೆ. ದಾಖಲೆ ಬರೆಯುವ ಅಧಿಕಾರ ಇಲ್ಲದವರ ಬದುಕಿಗೆ ಸಂದರ್ಶನ ಎಷ್ಟೋ ಸಲ ಏಕೈಕ ಆಕರ.

ಇನ್ನೊಂದು ಅನುಕೂಲವೂ ಇದೆ. ಸಿದ್ಧ ಪ್ರಶ್ನಾವಳಿ ಸಂಶೋಧಕ ಮೊದಲೇ ಊಹಿಸಿದ್ದನ್ನಷ್ಟೇ ಕೇಳುತ್ತದೆ. ಮುಕ್ತ ಸಂದರ್ಶನದಲ್ಲಿ ವಕ್ತೃ ದಾರಿ ತಪ್ಪಿಸಬಹುದು. ಹಾಗೆ ತಪ್ಪಿದ ದಾರಿಯಲ್ಲೇ ಹೊಸ ಪ್ರಶ್ನೆ ಸಿಗುವುದುಂಟು.

ದೌರ್ಬಲ್ಯ

ಮೊದಲನೆಯದು ನೆನಪು. 1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಈ ವಕ್ತೃಗಳಲ್ಲಿ ಹೆಚ್ಚಿನವರು ಮಕ್ಕಳು. ಎಪ್ಪತ್ತು ವರ್ಷದ ಹಿಂದಿನದನ್ನು ಅವರು ನೆನೆದದ್ದು 1930ರ ದಶಕದ ಬಡತನದಲ್ಲಿ. ಹಸಿದವರಿಗೆ ಬಾಲ್ಯದ ಊಟ ರುಚಿಯಾಗಿ ನೆನಪಾದರೆ ಅದು ಗುಲಾಮಗಿರಿಯ ಪರ ಸಾಕ್ಷಿಯಾಗುವುದಿಲ್ಲ.

ಎರಡನೆಯದು ಬರವಣಿಗೆ. ಬಹುಪಾಲು ಸಂದರ್ಶನಗಳಿಗೆ ಧ್ವನಿಮುದ್ರಣವಿಲ್ಲ. ಸಂದರ್ಶಕರು ಗುರುತು ಹಾಕಿಕೊಂಡು ಬಂದು ಆಮೇಲೆ ವಿಸ್ತರಿಸಿದರು. ಆಡುಮಾತನ್ನು ಅಕ್ಷರಕ್ಕೆ ಇಳಿಸುವ ಬಗ್ಗೆ ಮೇಲಿನಿಂದ ಸೂಚನೆಗಳೂ ಬಂದಿದ್ದವು.

ಮೂರನೆಯದು, ಎಲ್ಲಕ್ಕಿಂತ ತೊಡಕಿನದು, ಕೇಳುವವರು ಯಾರು ಎಂಬುದು. ಯೋಜನೆಯ ಸಂದರ್ಶಕರಲ್ಲಿ ಹೆಚ್ಚಿನವರು ಬಿಳಿಯರು. ಕೆಲವರು ಹಳೆಯ ಒಡೆಯರ ಊರಿನವರೇ. 1979ರಲ್ಲಿ ಇತಿಹಾಸಕಾರ ಪಾಲ್ ಎಸ್ಕಾಟ್ ಈ ಕಥನಗಳನ್ನು ಎಣಿಕೆಗೆ ಒಳಪಡಿಸಿದಾಗ, ಒಡೆಯರ ಬಗ್ಗೆ ಕಹಿ ಮಾತು ಕಪ್ಪು ಸಂದರ್ಶಕರ ಮುಂದೆ ಹೆಚ್ಚಾಗಿ ಬಂದದ್ದು ಕಂಡಿತು. ಹಾಗೆಂದು ಸೂಸನ್ ಅವರ ಎರಡು ಹೇಳಿಕೆಗಳ ಅಂತರಕ್ಕೆ ಬಣ್ಣವೊಂದೇ ಕಾರಣ ಎನ್ನುವಂತಿಲ್ಲ. ಬಟ್ಲರ್ ಅವರ ವಿಷಯದಲ್ಲಿ ನೆರವಿನ ಕಚೇರಿಯ ನಿರೀಕ್ಷೆಯೂ ಸೇರಿಕೊಂಡಿದೆ. ಅನ್ನದ ಆಸರೆ ಯಾರ ಕೈಯಲ್ಲಿದೆ ಎಂದು ತೋರುತ್ತದೋ ಅವರ ಮುಂದೆ ಮಾತು ತಗ್ಗುತ್ತದೆ. ಒಂದು ಉದಾಹರಣೆಯಲ್ಲಿ ಈ ಎರಡು ಕಾರಣಗಳನ್ನು ಬಿಡಿಸಿ ತೂಗಲಾಗದು.

ಕರ್ನಾಟಕದ ಕ್ಷೇತ್ರಕಾರ್ಯಕ್ಕೂ ಈ ಪ್ರಶ್ನೆ ಹೊಸದಲ್ಲ. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ, ತಾವು ರಾಂಪುರ ಎಂದು ಕರೆದ ಹಳ್ಳಿಯಲ್ಲಿ ನೆಲೆಸಿದಾಗ ಅವರಿಗೆ ವಸತಿ ಒದಗಿಸಿದವರು ಊರ ಪಟೇಲರು. ತಾನು ಬ್ರಾಹ್ಮಣ, ಪಟೇಲರ ಅತಿಥಿ. ಹೀಗಾಗಿ ತನಗೆ ಕಂಡದ್ದು ಹೆಚ್ಚಾಗಿ ಮೇಲ್ಜಾತಿಯ, ಜಮೀನಿದ್ದವರ ಊರು ಎಂದು ಅವರು 1976ರ ‘ದಿ ರಿಮೆಂಬರ್ಡ್ ವಿಲೇಜ್’ ಕೃತಿಯಲ್ಲಿ ಒಪ್ಪಿಕೊಂಡರು. ಅದೂ ನೆನಪಿನಿಂದ ಬರೆದ ಪುಸ್ತಕ: 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ಅವರ ಪರಿಷ್ಕೃತ ಟಿಪ್ಪಣಿಗಳು ಸುಟ್ಟುಹೋಗಿದ್ದವು. ನೆನಪಿನ ದೋಷವನ್ನು ವಕ್ತೃವಿನ ತಲೆಗೆ ಮಾತ್ರ ಕಟ್ಟುವ ರೂಢಿಗೆ ಇದೊಂದು ತಿದ್ದುಪಡಿ.

ಓದುವ ಕ್ರಮ

ಹಾಗಾದರೆ ಸೂಸನ್ ಅವರ ಯಾವ ಹೇಳಿಕೆಯನ್ನು ನಂಬಬೇಕು? ಮಾರಾಟ, ಅಗಲಿಕೆ, ಶಿಕ್ಷೆ ಇವಕ್ಕೆ ಬೇರೆ ಆಕರಗಳ ಬೆಂಬಲ ಧಾರಾಳವಾಗಿದೆ; ಆದ್ದರಿಂದ ಗುಲಾಮಗಿರಿ ಹೇಗಿತ್ತು ಎಂದು ತಿಳಿಯಲು ಲ್ಯಾಡ್ಸನ್ ವರದಿಗೆ ಹೆಚ್ಚು ತೂಕ. ಆದರೆ ಬಟ್ಲರ್ ವರದಿಯನ್ನು ಸುಳ್ಳೆಂದು ಎಸೆಯಬೇಕಾಗಿಲ್ಲ. 1937ರ ಚಾರ್ಲ್ಸ್‌ಟನ್‌ನಲ್ಲಿ ಬಡ ಕಪ್ಪು ಮುದುಕಿಯೊಬ್ಬಳು ಬಿಳಿಯರ ಮುಂದೆ ಹೇಗೆ ಮಾತಾಡಬೇಕಿತ್ತು ಎಂಬುದಕ್ಕೆ ಅದು ಉತ್ತಮ ಆಕರ. ಕೇಳಿದ ಪ್ರಶ್ನೆಗೆ ಸಿಗದ ಉತ್ತರ ಕೇಳದ ಪ್ರಶ್ನೆಗೆ ಸಿಕ್ಕಿದೆ.

ಇಲ್ಲೊಂದು ವಿಚಿತ್ರವಿದೆ. ನಾವು ಹೆಚ್ಚು ನಂಬುವ ಲ್ಯಾಡ್ಸನ್ ವರದಿ ತಡೆಯಿಲ್ಲದ ಸ್ವಗತದಂತಿದೆ; ಕೊನೆಯಲ್ಲಿ ವಿಳಾಸ, ವಯಸ್ಸು, ಸೂಸನ್ ಅವರನ್ನು ತಿಂಗಳಿಗೆ 7 ಡಾಲರಿಗೆ ದುಡಿಯಲು ಕಳಿಸಿ ಆ ಹಣವನ್ನು ಒಡೆಯ ಇಟ್ಟುಕೊಳ್ಳುತ್ತಿದ್ದ ಸಂಗತಿ ಇವೆ; ಕೇಳಿದ ಪ್ರಶ್ನೆಗಳಿಲ್ಲ. ಕಡಿಮೆ ನಂಬುವ ಬಟ್ಲರ್ ವರದಿಯಲ್ಲಾದರೋ ಅದನ್ನು ಏಕೆ ನಂಬಬಾರದು ಎಂಬ ಸುಳಿವು ಮೊದಲಲ್ಲೇ ಇದೆ. ಸುಳ್ಳು ಗುರುತಿನಲ್ಲಿ ಮಾತಾಡಿಸಿದ್ದನ್ನು ಇಂದಿನ ಸಂಶೋಧನಾ ನೀತಿ ಒಪ್ಪುವುದಿಲ್ಲ. ಆದರೂ ಅದನ್ನು ಮುಚ್ಚಿಡದೆ ಬರೆದಿಟ್ಟ ಆ ಒಂದು ವಾಕ್ಯ ಇಲ್ಲದಿದ್ದರೆ, ಉಳಿದ ಪುಟಗಳನ್ನು ಹೇಗೆ ಓದಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ.