ನೋವಿಲ್ಲದ ಬೇನೆಯ ಚರಿತ್ರೆ

ನಮ್ಮ ಲೋಹಾರಾ ಊರಿನ ಹಿರಿಯರ ಬಾಯಲ್ಲಿ ಬೀಪಿ ಎಂಬ ಮಾತು ಇರಲಿಲ್ಲ. ಲಕ್ವಾ ಇತ್ತು. ಸಂಜೆ ಹೊಲದಿಂದ ಎತ್ತು ಹೊಡೆದುಕೊಂಡು ಬಂದು ರೊಟ್ಟಿ ಉಂಡು ಮಲಗಿದ ಗಟ್ಟಿ ಆಳು ಬೆಳಗ್ಗೆ ಏಳುವಾಗ ಬಾಯಿ ಸೊಟ್ಟ, ಬಲಗೈ ಜೋಲು. "ಗಾಳಿ ಬಡದದ" ಅನ್ನುತ್ತಿದ್ದರು. ಎಣ್ಣೆ ಕಾಸಿ ನೀವುತ್ತಿದ್ದರು, ಪಾರಿವಾಳದ ರಕ್ತ ಹಚ್ಚುತ್ತಿದ್ದರು, ದೇವರಿಗೆ ಹರಕೆ ಹೊರುತ್ತಿದ್ದರು. ಆ ಮನುಷ್ಯನ ರಕ್ತನಾಳದೊಳಗೆ ಹತ್ತಾರು ವರ್ಷದಿಂದ ಒತ್ತಡ ಏರುತ್ತಾ ಬಂದಿತ್ತು ಎಂದು ತಿಳಿಯುವ ದಾರಿ ಊರಿನಲ್ಲಿ ಯಾರಿಗೂ ಇರಲಿಲ್ಲ.

ನಾನು ಈ ಊರಿನ ಬಜಾರಿನಲ್ಲಿ ಮೆಡಿಕಲ್ ಅಂಗಡಿ ನಡೆಸಿದವನು. ಮನೆಯಲ್ಲಿ ಕನ್ನಡ, ಗಿರಾಕಿಗಳೊಡನೆ ಮರಾಠಿ, ಅಪ್ಪನ ಕಾಲದ ಕಾಗದಪತ್ರವೆಲ್ಲ ಉರ್ದು. ಈಗ ಅಂಗಡಿ ಮಗನ ಕೈಯಲ್ಲಿದೆ. ನನಗೆ ಬೀಪಿ ಇದೆ, ಎದೆಬಡಿತದ ತಾಳವೂ ತಪ್ಪಿದೆ. ಬೇರೆಯವರಿಗೆ ಕಟ್ಟಿಕೊಡುತ್ತಿದ್ದ ಗುಳಿಗೆಗಳನ್ನೇ ಈಗ ನಾನು ನುಂಗುತ್ತೇನೆ. ಹೀಗೆ ಗಲ್ಲೆಯ ಎರಡೂ ಬದಿಯಿಂದ ನೋಡಿದ ಮೇಲೆ ನನಗೆ ಹೇಳಬೇಕಾದದ್ದು ಇಷ್ಟು: ಈ ಬೇನೆಗೆ ಮದ್ದು ನಮ್ಮ ದೇಶದಲ್ಲಿ ಬಹಳ ಮೊದಲೇ ಇತ್ತು, ಅದನ್ನು ಅಳೆಯುವ ಸಾಧನ ಹಳ್ಳಿಗೆ ತಡವಾಗಿ ಬಂತು, ದಿನಾ ತಪ್ಪದೆ ಗುಳಿಗೆ ನುಂಗುವ ರೂಢಿ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

1948ರವರೆಗೆ ನಾವು ನಿಜಾಮರ ರಾಜ್ಯದವರು. ನಮ್ಮ ಸುತ್ತಲಿನ ಉಮರ್ಗಾ, ನಿಲಂಗಾ, ಉದಗೀರ ಎಲ್ಲವೂ ಹೈದರಾಬಾದ್ ಸಂಸ್ಥಾನದೊಳಗೆ. ಹಕೀಮರೂ ವೈದ್ಯರೂ ಒಂದೇ ಓಣಿಯಲ್ಲಿದ್ದರು. ಇಬ್ಬರೂ ಮೂರು ಬೆರಳು ಮಣಿಕಟ್ಟಿಗೆ ಒತ್ತಿ, ಕಣ್ಣು ಮುಚ್ಚಿ ಕೂಡುತ್ತಿದ್ದರು. ನಾಡಿ ಎಡವಿದರೆ, ಒಂದು ಬಡಿತ ಬಿಟ್ಟು ಇನ್ನೊಂದು ಬಂದರೆ, ಪಳಗಿದ ಬೆರಳಿಗೆ ತಿಳಿಯುತ್ತಿತ್ತು. ಎದೆಯ ತಾಳ ತಪ್ಪುವುದನ್ನು ನಮ್ಮ ಅಜ್ಜಂದಿರು ಕಂಡಿದ್ದರು, ಅದರಲ್ಲಿ ಸಂಶಯ ಬೇಡ. ನಾಡಿ ಬಿಗಿಯಾಗಿದೆಯೋ ಮೆತ್ತಗಿದೆಯೋ ಎಂಬುದನ್ನೂ ಹೇಳುತ್ತಿದ್ದರು. ಆದರೆ ಆ ಬಿಗಿ ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು, ಔಷಧ ಕೊಟ್ಟ ಮೇಲೆ ಎಷ್ಟು ಇಳಿಯಿತು ಎಂದು ಹೇಳಲು ಅಂಕಿ ಬೇಕು. ಅದು ಬೆರಳಿಗೆ ದಕ್ಕುವಂಥದಲ್ಲ.

ಅಂಕಿ ಬಂದದ್ದು ದೂರದಿಂದ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಇಟ್ಟು ರಕ್ತ ಎಷ್ಟು ಎತ್ತರ ಏರುತ್ತದೆ ಎಂದು ಅಳೆದು, 1733ರಲ್ಲಿ ಬರೆದಿಟ್ಟರು. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಸುತ್ತುವ ರಬ್ಬರ್ ಪಟ್ಟಿಯನ್ನೂ ಪಾದರಸದ ಕೊಳವೆಯನ್ನೂ ಕೂಡಿಸಿದರು. ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕಿವಿಗೊಟ್ಟರು. ಗಾಳಿ ಬಿಡುತ್ತಾ ಹೋದಂತೆ ಮೊದಲ ಸದ್ದು ಕೇಳಿದಲ್ಲಿ ಮೇಲಿನ ಅಂಕಿ, ಸದ್ದು ಅಡಗಿದಲ್ಲಿ ಕೆಳಗಿನ ಅಂಕಿ. ಇಂದಿಗೂ ಕೈಯಿಂದ ಬೀಪಿ ನೋಡುವವರು ನೋಡುವುದು ಹೀಗೆಯೇ.

ಅಳತೆ ಅಲ್ಲಿ ಸಿದ್ಧವಾಯಿತು, ಆದರೆ ಅಲ್ಲಿ ಮದ್ದಿರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಒತ್ತಡ 300ರ ಸುತ್ತ ಇತ್ತು. ಅವರ ವೈದ್ಯರು ಅಂಕಿಯನ್ನು ವರ್ಷಗಟ್ಟಲೆ ಬರೆದುಕೊಂಡಿದ್ದರು, ಇಳಿಸಲು ಅವರ ಕೈಯಲ್ಲಿ ಗಟ್ಟಿ ಮದ್ದು ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಒಂದು ಬೇರು ನಾಟಿ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು.

ಅದು ಸರ್ಪಗಂಧ. ನಮ್ಮ ಎರೆಹೊಲಕ್ಕೆ ಒಗ್ಗುವ ಗಿಡವಲ್ಲ. ಪಶ್ಚಿಮ ಘಟ್ಟದ ನೆರಳಿನಲ್ಲಿ, ಹಿಮಾಲಯದ ತಪ್ಪಲಿನಲ್ಲಿ ಬೆಳೆಯುತ್ತದೆ. ಬೇರು ಬಾಯಿಗಿಟ್ಟರೆ ಕಹಿ. ಬಿಹಾರದ ಕಡೆ ಅದಕ್ಕೆ ಹುಚ್ಚಿನ ಮದ್ದು ಎಂದೇ ಹೆಸರು, ಯುನಾನಿಯವರು ಅಸ್ರೋಲ್ ಎನ್ನುತ್ತಾರೆ. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಪ್ರಕಟಿಸಿದರು. ಅದೇ ವರ್ಷ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅವರು ಬೇರಿನಿಂದ ಒಂದು ಸತ್ವವನ್ನು ಬೇರ್ಪಡಿಸಿ, ಕಾಲೇಜನ್ನು ಕಟ್ಟಿದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅದನ್ನು ಅಜ್ಮಲಿನ್ ಎಂದು ಕರೆದರು. ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ ಇದೇ ಬೇರಿನ ಸರ್ಪಿನಾ ಗುಳಿಗೆ ಹೊರತಂದಿತು.

ಮುಂಬಯಿಯ ಹೃದಯವೈದ್ಯ ರುಸ್ತುಮ್ ಜಾಲ್ ವಕೀಲರು ಈ ಬೇರನ್ನು ವರ್ಷಗಟ್ಟಲೆ ರೋಗಿಗಳಿಗೆ ಕೊಟ್ಟು, ಪ್ರತಿ ಸಲ ಒತ್ತಡ ಅಳೆದು ಬರೆದು, 50 ರೋಗಿಗಳ ವಿವರವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅದನ್ನು ಓದಿ ಬಾಸ್ಟನ್ನಿನ ವೈದ್ಯರು ಬೇರು ತರಿಸಿಕೊಂಡರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ ತೆಗೆಯಿತು. ರೆಸರ್ಪಿನ್ ನರಗಳ ತುದಿಯಲ್ಲಿರುವ ನಾರ್‌ಅಡ್ರಿನಲಿನ್ ದಾಸ್ತಾನನ್ನು ಬರಿದು ಮಾಡುತ್ತದೆ, ರಕ್ತನಾಳ ಸಡಿಲವಾಗುತ್ತದೆ. ಅಜ್ಮಲಿನ್ ಹೃದಯದಲ್ಲಿ ಹರಿಯುವ ವಿದ್ಯುತ್ತಿನ ವೇಗ ತಗ್ಗಿಸುತ್ತದೆ. ಒತ್ತಡಕ್ಕೊಂದು, ತಾಳಕ್ಕೊಂದು, ಎರಡೂ ಒಂದೇ ಬೇರಿನೊಳಗೆ. ನನ್ನ ಎರಡು ಬೇನೆಗಳನ್ನು ನೆನೆದಾಗಲೆಲ್ಲ ಈ ಸಂಗತಿ ನನ್ನನ್ನು ತಡೆದು ನಿಲ್ಲಿಸುತ್ತದೆ. ವಕೀಲರ ಮೇಲೆ ನನಗೆ ಗೌರವ ಹೆಚ್ಚು. ಬೇರು ಎಲ್ಲರ ಕೈಯಲ್ಲಿತ್ತು, ಅದರ ಪಕ್ಕದಲ್ಲಿ ಅಂಕಿಯನ್ನು ಬಿಡದೆ ಬರೆದಿಟ್ಟವರು ಅವರು.

ಆ ರೆಸರ್ಪಿನ್ ನನ್ನ ಅಂಗಡಿಗೂ ಬಂತು, ಅಡೆಲ್ಫೇನ್-ಎಸಿಡ್ರೆಕ್ಸ್ ಎಂಬ ಗುಳಿಗೆಯಾಗಿ. ಮೂರು ಔಷಧ ಕೂಡಿಸಿದ್ದು, ಬೆಲೆ ಅಗ್ಗ. ತಗೊಂಡವರು "ಮೂಗು ಕಟ್ಟತದ, ಮೈ ಜಡ ಆಗತದ, ಯಾವುದರಾಗೂ ಮನಸೇ ಇಲ್ಲ" ಅನ್ನುತ್ತಿದ್ದರು. ಮೂರೂ ರೆಸರ್ಪಿನ್ನಿನ ಗುಣವೇ. ಆಗಿನ ಡಾಕ್ಟರುಗಳಲ್ಲಿ "ನೂರು ಕೂಡಿಸು ವಯಸ್ಸು" ಎಂಬ ಲೆಕ್ಕ ನಡೆಯುತ್ತಿತ್ತು: 65ರ ಮನುಷ್ಯನಿಗೆ 165 ಇದ್ದರೂ ಸರಿ ಎಂದು ಬಿಟ್ಟುಬಿಡುತ್ತಿದ್ದರು. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯೂ 160/95ರಲ್ಲಿತ್ತು. ಅದು 140/90ಕ್ಕೆ ಇಳಿದದ್ದು ಆಮೇಲೆ.

ನಮ್ಮ ಭಾಗದ ಮಣ್ಣುಮನೆಗಳ ಜನರ ತೋಳಿಗೆ ಆ ಪಟ್ಟಿ ಸಾಲುಸಾಲಾಗಿ ಸುತ್ತಿದ್ದು 1993ರಲ್ಲಿ. ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಭೂಕಂಪ. ಗಣಪತಿ ಕಳಿಸಿ ಮಲಗಿದ ಊರುಗಳು ಕಲ್ಲುಗೋಡೆಯ ಅಡಿಯಲ್ಲಿ ಹೋದವು. ನಮ್ಮ ಸಾಸ್ತೂರು ನೆಲಸಮವಾಯಿತು. ಎಲ್ಲ ಕಡೆ ಸೇರಿ ಸತ್ತವರು ಸುಮಾರು 8,000. ಎಲ್ಲೆಲ್ಲಿಂದಲೋ ವೈದ್ಯರು ಬಂದರು. ತಗಡಿನ ಶೆಡ್ಡಿನ ಮುಂದೆ ಮೇಜು, ಅದರ ಮೇಲೆ ಪಾದರಸದ ಪೆಟ್ಟಿಗೆ. ಮುರಿದ ಕೈಕಾಲು ನೋಡಿದ ಮೇಲೆ ಉಳಿದವರ ಬೀಪಿಯನ್ನೂ ನೋಡಿದರು. "ಎದಿ ಧಡಧಡ ಅಂತದ ಸಾಹೇಬ್ರ, ನಿದ್ದಿ ಬರಂಗಿಲ್ಲ" ಎಂದ ಮುದುಕಿಯರ ತೋಳಿನಲ್ಲಿ 180, 200. ಗುಳಿಗೆ ಕೊಟ್ಟರು. ಶಿಬಿರ ಎತ್ತಿದ ಮೇಲೆ ಗುಳಿಗೆ ತೀರಿತು, ಕೊಳ್ಳಲು ಬಂದವರು ಕೆಲವರೇ. "ಈಗ ಆರಾಮ ಅದ" ಎಂದರು ಉಳಿದವರು. ಅವರ ಪೈಕಿ ಲಕ್ವಾ ಹೊಡೆದವರ ಮನೆಗೆ ನಾನೇ ಆಮೇಲೆ ಔಷಧ ಮುಟ್ಟಿಸಿದ್ದೇನೆ.

ತಾಳ ತಪ್ಪುವ ಬೇನೆಯ ದಾರಿ ಬೇರೆ. ಹಿಂದೆ ನಮ್ಮಲ್ಲಿ ಅದು ಎಳೆಯ ಸೊಸೆಯಂದಿರಲ್ಲಿ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಗಂಟಲು ಬಾತು ಬಂದ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಕೆಡಿಸಿರುತ್ತಿತ್ತು. ಸೋಲಾಪುರದ ದೊಡ್ಡ ದವಾಖಾನೆಯಿಂದ ಡಿಜಾಕ್ಸಿನ್ ಚೀಟಿ ತರುತ್ತಿದ್ದರು. 1785ರಲ್ಲಿ ಇಂಗ್ಲೆಂಡಿನ ವಿದರಿಂಗ್ ಬರೆದ ಡಿಜಿಟಾಲಿಸ್ ಗಿಡದ ವಂಶದ ಮದ್ದು ಅದು. ಚೀಟಿಯ ಮೇಲೆ "ವಾರದಲ್ಲಿ ಐದು ದಿನ" ಎಂದಿರುತ್ತಿತ್ತು. ಶನಿವಾರ, ರವಿವಾರ ಬಿಡಬೇಕಿತ್ತು, ಇಲ್ಲದಿದ್ದರೆ ಮೈಯಲ್ಲಿ ವಿಷವಾಗಿ ಸೇರುತ್ತದೆ ಎಂಬ ಭಯ ಆಗ ಇತ್ತು. ಓದು ಬಾರದವರಿಗೆ ನಾನು ಐದೈದೇ ಗುಳಿಗೆ ಕಾಗದದಲ್ಲಿ ಮಡಚಿ ಕೊಡುತ್ತಿದ್ದೆ.

ಈಗ ಅದೇ ಬೇನೆ ನಮ್ಮಂಥ ವಯಸ್ಸಾದವರಿಗೆ ಬೀಪಿಯ ಬೆನ್ನಿಗೆ ಬರುತ್ತಿದೆ. ಒತ್ತಡದ ವಿರುದ್ಧ ದುಡಿದು ದುಡಿದು ಹೃದಯದ ಎಡಗಡೆಯ ಮೇಲಿನ ಕೋಣೆ ಹಿಗ್ಗುತ್ತದೆ, ಅದರ ಗೋಡೆ ಒಟ್ಟಾಗಿ ಹಿಂಡುವ ಬದಲು ನಡುಗುತ್ತದೆ. ಡಾಕ್ಟರು ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ನನ್ನ ಇಸಿಜಿ ಪಟ್ಟಿ ಕಪಾಟಿನಲ್ಲಿದೆ. ಗುಲಾಬಿ ಚೌಕುಳಿ ಕಾಗದದ ಮೇಲೆ ಎತ್ತರದ ಮುಳ್ಳುಗಳ ನಡುವಿನ ಅಂತರ ಒಂದು ಕಡೆ ಮೂರು ಚೌಕ, ಪಕ್ಕದಲ್ಲೇ ಐದು. ಪ್ರತಿ ಮುಳ್ಳಿನ ಮುಂದೆ ಇರಬೇಕಾದ ಸಣ್ಣ ಉಬ್ಬು ಎಲ್ಲೂ ಇಲ್ಲ, ಅಲ್ಲಿ ನಡುಗುವ ಗೆರೆ ಮಾತ್ರ. ಆ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಹೆಪ್ಪು ಮಿದುಳಿಗೆ ಹೋದರೆ ಅದೇ ಲಕ್ವಾ.

ಅದನ್ನು ತಡೆಯಲು ರಕ್ತ ತೆಳುವಾಗಿಸುವ ಗುಳಿಗೆ. ಮೊದಲು ವಾರ್ಫರಿನ್ ಕೊಟ್ಟರು. ಮೆಂತೆಪಲ್ಯೆ, ರಾಜಗೀರಿ ಒಂದು ವಾರ ಹೆಚ್ಚು ಉಂಡರೆ ಅದರ ಬಲ ಕುಗ್ಗುತ್ತದೆ, ಆಗಾಗ ರಕ್ತ ತಪಾಸಿಸಬೇಕು. ಈಗಿನ ಹೊಸ ಗುಳಿಗೆಗೆ ಆ ಕಟ್ಟಳೆ ಇಲ್ಲ. ಬೀಪಿಗಾಗಿ ಉಪ್ಪು ಕಡಿಮೆ ಮಾಡುವುದು ಮಾತ್ರ ಕಠಿಣ. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಚಹಾ ಚಮಚ. ಜೋಳದ ರೊಟ್ಟಿಯ ಜೊತೆ ಹಸಿಮೆಣಸಿನ ಖಾರ, ಉಪ್ಪಿನಕಾಯಿ, ಹಪ್ಪಳ ಬೇಕೇ ಬೇಕು ಅನ್ನುವ ಸೀಮೆ ನಮ್ಮದು. ನನ್ನ ಹೆಂಡತಿ ಖಾರವನ್ನು ಉಪ್ಪಿಲ್ಲದೆ ಅರೆದು, ಮೇಲೆ ಲಿಂಬೆ ಹಿಂಡುತ್ತಾಳೆ. ನಾಲಿಗೆ ಕೆಲವು ದಿನ ತಕರಾರು ಮಾಡಿ ಸುಮ್ಮನಾಯಿತು.

ಇಂದು ಲಾತೂರು, ಸೋಲಾಪುರ, ಕಲಬುರಗಿಯ ಜಯದೇವ ದವಾಖಾನೆ, ಯಾವ ಕಡೆ ಹೊರಟರೂ ಹೃದಯದ ಡಾಕ್ಟರು ಸಿಗುತ್ತಾರೆ. ಬೀಪಿ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಕೊಡುತ್ತಾರೆ. ಅಳೆಯುವ ಯಂತ್ರ ಮನೆಮನೆಗೆ ಬಂದಿದೆ. ಹೀಗಿದ್ದೂ ನನ್ನ ಮಗನ ಗಲ್ಲೆಯ ಮುಂದೆ ಇಂದಿಗೂ ಅದೇ ಮಾತು ಕೇಳುತ್ತೇನೆ: "ಕಾಕಾ, ಈಗ ಏನೂ ತ್ರಾಸ ಇಲ್ಲ, ಗುಳಿಗಿ ಬಿಟ್ಟೀನಿ." ತ್ರಾಸ ಇಲ್ಲದಿರುವುದೇ ಈ ಬೇನೆಯ ಸ್ವಭಾವ. ಹಾಗೆ ಹೇಳಿದವರನ್ನು ನಾನು ಕುರ್ಚಿಯಲ್ಲಿ ಕೂಡಿಸಿ, ಐದು ನಿಮಿಷ ಮಾತಾಡದೆ ಇರಲು ಹೇಳಿ, ಪಟ್ಟಿ ಸುತ್ತಿ, ಅಂಕಿಯನ್ನು ಚೀಟಿಯ ಮೇಲೆ ಬರೆದು ಅವರ ಕೈಗೇ ಕೊಡುತ್ತೇನೆ. ನನ್ನ ಮಾತಿಗೆ ಒಪ್ಪದವರು ಆ ಅಂಕಿ ನೋಡಿ ಗುಳಿಗೆ ಕೇಳುತ್ತಾರೆ. ಒಂದು ತಿಂಗಳದ್ದು ಕೊಟ್ಟು, ಮುಂದಿನ ತಿಂಗಳ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆಯುತ್ತೇನೆ. ನಮ್ಮ ಊರಿನಲ್ಲಿ ಲಕ್ವಾ ಕಡಿಮೆಯಾಗುವುದಾದರೆ ಆ ತಾರೀಖಿಗೆ ಅವರು ತಪ್ಪದೆ ಬರುವುದರಿಂದ ಆಗಬೇಕು.